ಅವಿರೋಧಕ್ಕೊಬ್ಬ ವಿರೋಧಿ

ಕಂಪಲಾಪುರ
19 ಜೂನ್ 1955

ಸನ್ಮಾನ್ಯ ಪ್ರಧಾನಮಂತ್ರಿ ವೀರಭದ್ರಸ್ವಾಮಿಯವರಿಗೆ,

ಅಲ್ಲದೆ, ಅವಿರೋಧವಾಗಿ ಬಿಟ್ಟುಬಿಡುವುದಕ್ಕೆ ನೀನೇನು ಊರ ಬಸವನೆ? ಬಸವನಾದರೆ ಸರಿ, ಯಾರ ಹೊಲಕ್ಕೆ ಬಾಯಿ ಹಾಕಿದರೂ ಜನ ಕೈಮುಗಿದು ದಾರಿ ಬಿಡುತ್ತಾರೆ. ನಿನ್ನ ಬೆನ್ನಿನ ಮೇಲೆ ಅಂಥ ಮುದ್ರೆ ಯಾವುದೂ ಇಲ್ಲವೆಂದು ಹಾಸ್ಟೆಲ್ಲಿನ ಬಾವಿಕಟ್ಟೆಯಲ್ಲಿ ನಾಲ್ಕು ವರ್ಷ ಆ ಬೆನ್ನು ಉಜ್ಜಿದ ನನಗೆ ಗೊತ್ತು.

ಈ ಮಾತನ್ನು ನಿನ್ನೆ ಶಿವನಂಜಪ್ಪನಿಗೆ ಹೇಳುತ್ತಿದ್ದೆ. ಹೊಗೆಸೊಪ್ಪಿನ ವ್ಯಾಪಾರಿ, ಈಗ ನಿನ್ನ ಪಕ್ಷಕ್ಕೆ ಇಡೀ ತಾಲ್ಲೂಕಿನ ಯಜಮಾನ. ಅರ್ಧದಲ್ಲೇ ಎದ್ದುಹೋದ. ಉಳಿದ ಅರ್ಧವನ್ನು ನಿನಗೆ ಬರೆಯುತ್ತಿದ್ದೇನೆ. ನನ್ನ ಜಗಲಿಯ ಮೇಲೆ ಕೂತು, ನನ್ನ ಎಲೆಅಡಿಕೆ ಹಾಕಿಕೊಂಡು ಅವನು ಹೇಳಿದ್ದಿಷ್ಟು:

"ಅಣ್ಣಾ, ನಾಕು ತಾಲ್ಲೂಕೂ ಒಂದಾಗದೆ. ಹುಣಸೂರು, ಪಿರಿಯಾಪಟ್ಣ, ಕೆ.ಆರ್. ನಗರ, ಕೋಟೆ, ಎಲ್ಲಾ ಕಡೀಕೂ ಹೋಗಿ ಮಾತಾಡ್ಕೊಂಡು ಬಂದಿವ್ನಿ. ನಮ್ಮ ಕಡೆ ಮನುಸ ಡೆಲ್ಲೀಲಿ ಕುಂತವ್ನೆ. ಯಾರೂ ಎದುರು ನಿಲ್ಲಂಗಿಲ್ಲ. ಓಟೇ ಬ್ಯಾಡ."

"ನಾನು ನಿಲ್ಲುತ್ತೇನೆ ಕಣಪ್ಪ" ಅಂದೆ.

"ನೀವಾ? ನಿಮ್ಮ ಮಂಡಿ ನೋವ್ಗೆ ಬಸ್ಸಲ್ಲೇ ನಿಂತ್ಕಳಕಾಗಕಿಲ್ಲ!" ಅಂತ ನಕ್ಕ. ನಾನು ನಗಲಿಲ್ಲ ನೋಡು, ಆಗ ಎದ್ದ.

ನಿನಗೆ ಈ ಪದವಿ ಬಂದ ರೀತಿಯನ್ನು ಪೇಪರಿನಲ್ಲಿ ಓದಿದೆ. ದೊಡ್ಡವರಿಬ್ಬರು ನಾನು ತಾನು ಅಂತ ಹಟಹಿಡಿದು, ಯಾರೂ ಬಗ್ಗದೆ, ಕೊನೆಗೆ ಮೈಸೂರು ಸರ್ಕಾರದಲ್ಲಿ ಮಂತ್ರಿಯಾಗಿದ್ದ ನಿನ್ನನ್ನು ಮೂರನೆಯ ಸಾಲಿನಿಂದ ಕರೆದು ಕೂರಿಸಿದರಂತೆ. ಹೆಣ್ಣು ನೋಡಲು ಜೊತೆಗೆ ಹೋದವನಿಗೇ ಬಾಸಿಂಗ ಕಟ್ಟಿದ ಹಾಗೆ. ಸುಳ್ಳು ಹೇಳುವುದಿಲ್ಲ, ನನ್ನ ಎದೆಯೂ ಉಬ್ಬಿತು. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲದ್ದರಿಂದ ಎಮ್ಮೆಗೆ ಹೇಳಿದೆ. ಆದರೆ ನೀನು ಲೋಕಸಭೆಯ ಮೆಂಬರಲ್ಲ. ಆರು ತಿಂಗಳೊಳಗೆ ಜನರಿಂದ ಆರಿಸಿ ಹೋಗದಿದ್ದರೆ ಕುರ್ಚಿ ಬಿಟ್ಟಿಳಿಯಬೇಕು. ಅದಕ್ಕೆಂದೇ ನಮ್ಮ ಮೆಂಬರಿಂದ ರಾಜೀನಾಮೆ ಕೊಡಿಸಿ ಜಾಗ ಖಾಲಿ ಮಾಡಿಸಿದ್ದಾರೆ. ಅದೆಲ್ಲ ಸರಿ. ಜನರಿಂದ ಆರಿಸಿ ಹೋಗಬೇಕು ಅಂದಮೇಲೆ ಜನ ಎಲ್ಲಿ?

ಭಾನುವಾರದ ಪಾರ್ಲಿಮೆಂಟು ಮರೆತೆಯಾ? ಹಾಸ್ಟೆಲ್ಲಿನ ಊಟದ ಮನೆ, ಮಣೆಗಳನ್ನು ಎರಡು ಸಾಲು ಮಾಡಿ, ನೀನು ಯಾವಾಗಲೂ ಪ್ರೈಮ್ ಮಿನಿಸ್ಟರು, ನಾನು ಯಾವಾಗಲೂ ಆಪೊಸಿಷನ್ನು. ತುಪ್ಪ ಹೆಚ್ಚಿಸಬೇಕೆಂಬ ನಿನ್ನ ಮಸೂದೆಗೆ ಒಬ್ಬನೂ ವಿರೋಧವಿಲ್ಲ. ನೀನು ನನ್ನ ಕಿವಿಯಲ್ಲಿ, "ಚನ್ನಾ, ಎದ್ದು ನಿಂತು ಏನಾದರೂ ಬೈಯೋ, ಇಲ್ಲದಿದ್ದರೆ ನನ್ನ ಮಾತಿಗೆ ಕಿಮ್ಮತ್ತಿಲ್ಲ" ಅಂತ ಬೇಡಿಕೊಂಡೆ. ನಾನೆದ್ದು ತುಪ್ಪವನ್ನು ಅರ್ಧ ಗಂಟೆ ಖಂಡಿಸಿದೆ. ಸೋತೆ. ತುಪ್ಪ ಬಂತು, ನಾನೂ ತಿಂದೆ. ನಮ್ಮ ಪ್ರೊಫೆಸರು ಏನೋ ಹೇಳುತ್ತಿದ್ದರಲ್ಲ, ದೇರ್ ಕೆನ್ ಬಿ ನೋ ಹೌಸ್ ವಿತೌಟ್... ವಿತೌಟ್ ಏನೋ ಒಂದು. ಮರೆತಿದೆ. ಇಂಗ್ಲಿಷಿನಲ್ಲಿ ಪಾಸಾದವನು ನೀನು, ನೆನಪಿರಬೇಕು.

ನಾಮಪತ್ರ ಹಾಕುತ್ತೇನೆ. ಕಾರಣ ನಿನಗೆ ಗೊತ್ತು.

ಎದುರು ಸಾಲಿನ
ಚನ್ನಬಸವಣ್ಣ, ಬಿ.ಎ. ಫೇಲ್


ನವದೆಹಲಿ
4 ಜುಲೈ 1955

ಪ್ರಿಯ ಚನ್ನ,

ಮೂರು ವರ್ಷಗಳ ಮೇಲೆ ನಿನ್ನ ಅಕ್ಷರ ನೋಡಿದೆ. ಬೈಗುಳವಾದರೂ ಎರಡು ಸಲ ಓದಿದೆ. ಇಲ್ಲಿ ಬೈಯುವವರೆಲ್ಲ ಇಂಗ್ಲಿಷಿನಲ್ಲಿ ಬೈಯುತ್ತಾರೆ, ರುಚಿಯಿರುವುದಿಲ್ಲ.

ನೀನು ಮರೆತ ಪದ ಡಿಸೆಂಟ್. ಭಿನ್ನಮತವಿಲ್ಲದೆ ಸಭೆಯಿಲ್ಲ.

ನನ್ನ ಸ್ಥಿತಿ ಹೇಳುತ್ತೇನೆ. ನನ್ನನ್ನು ಕೂರಿಸಿದ ಇಬ್ಬರೂ ನನ್ನ ಎಡಬಲದಲ್ಲೇ ಕೂತಿದ್ದಾರೆ, ನಾನು ಎಂದು ಏಳುತ್ತೇನೆಂದು ಕಾಯುತ್ತ. ಸರ್ಕಾರ ನಿಂತಿರುವುದು ಹನ್ನೊಂದು ಮತಗಳ ಮೇಲೆ. ನಾನು ಮೂರು ವಾರ ಊರೂರು ತಿರುಗುತ್ತ ಕೂತರೆ ಹಿಂದಿರುಗುವಷ್ಟರಲ್ಲಿ ಇಲ್ಲಿ ನನ್ನ ಹೆಸರಿನ ಹಲಗೆಯೂ ಇರುವುದಿಲ್ಲ. ಮೂವತ್ತು ವರ್ಷದ ದುಡಿಮೆ, ಎರಡು ಸಲ ಜೈಲು, ಹುಣಸೂರಿನ ವಕೀಲಿಕೆ ಬಿಟ್ಟದ್ದು, ಎಲ್ಲ ಹೋಗುತ್ತದೆ. ನೀನು ಹಿಂದೆ ಸರಿದರೆ ಒಂದು ದಿನದ ಕೆಲಸ.

ಕಂಪಲಾಪುರಕ್ಕೆ ಹೈಸ್ಕೂಲು ಬೇಕೆಂದು ನೀನು ಎಷ್ಟೋ ವರ್ಷದಿಂದ ಅರ್ಜಿ ಬರೆಯುತ್ತಿದ್ದೀಯ. ಆಗುತ್ತದೆ. ಇನ್ನೇನಾದರೂ ಬೇಕೆ, ಬರೆ.

ಕಾರಣ ನನಗೆ ಗೊತ್ತು ಎಂದಿದ್ದೀಯ. ಗೊತ್ತಿಲ್ಲ.

ನಿನ್ನ
ವೀರ


ಕಂಪಲಾಪುರ
17 ಜುಲೈ 1955

ವೀರಭದ್ರಸ್ವಾಮಿಯವರಿಗೆ,

ಗೊತ್ತಿಲ್ಲ ಅಂದೆ. ಸರಿ, ಹೇಳುತ್ತೇನೆ, ಕೂತುಕೋ. ನಿಂತಿದ್ದರೂ ಅಡ್ಡಿಯಿಲ್ಲ.

ಐವತ್ತೆರಡರ ಚುನಾವಣೆ. ನೀನು ಮೈಸೂರು ಅಸೆಂಬ್ಲಿಗೆ ನಿಂತಿದ್ದೆ. ನಾನು ಕಣದಲ್ಲಿ ರಾಗಿ ಬಡಿಸುತ್ತಿದ್ದೆ, ಬೆಳಗ್ಗೆಯೇ ಓಟು ಹಾಕಿ ಬಂದಿದ್ದೆ. ಮಧ್ಯಾಹ್ನ ನಮ್ಮವಳು ಪೆಟ್ಟಿಗೆಯ ಸೀರೆ ತೆಗೆದುಟ್ಟು ಹೊರಟಳು. "ನೀವೂ ಬನ್ನಿ" ಅಂದಳು. "ಒಬ್ಬಳೇ ಹೋಗು, ವೀರ ಅಲ್ಲೇ ಇರುತ್ತಾನೆ, ಭಯವೇನು?" ಅಂದೆ. ಹಾಗಂದವನು ನಾನು.

ಪಟ್ಟಿ ಬರೆಯಲು ಬಂದವರು ಹೆಂಗಸರ ಹೆಸರು ಕೇಳಿಯೇ ಇರಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಗೀಚಿಕೊಂಡು ಹೋಗಿದ್ದರು. ಮತಗಟ್ಟೆಯಲ್ಲಿ ಅಧಿಕಾರಿ ಕೇಳಿದ, "ನಿನ್ನ ಗಂಡನ ಹೆಸರೇನಮ್ಮ?" ಗಂಡನ ಹೆಸರು ಬಾಯಲ್ಲಿ ಹೇಳುವ ಹೆಂಗಸು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಯಾರಿದ್ದಾರೆ? ಹೇಳಿದರೆ ಆಯಸ್ಸು ಕಡಿಮೆ ಅನ್ನುತ್ತಾರೆ. ಇವಳು ತಲೆ ತಗ್ಗಿಸಿ ನಿಂತಳು. ಆತ ಮತ್ತೆ ಕೇಳಿದ. ಇವಳು ನಿನ್ನ ಕಡೆ ಕೈ ತೋರಿಸಿ, "ನಮ್ಮನೆಯವ್ರ ಸ್ನೇಹಿತ್ರು ಅಲ್ಲೇ ಕುಂತವ್ರೆ, ಅವ್ರನ್ನೇ ಕೇಳಿ" ಅಂದಳು.

ಅಭ್ಯರ್ಥಿಯಾಗಿ ನೀನು ಬೆಂಚಿನ ಮೇಲೆ ಕೂತಿದ್ದೆ. ಹನ್ನೊಂದು ವರ್ಷ ಅವಳ ಕೈಯಡಿಗೆ ಉಂಡವನು. ಜೈಲಿನಿಂದ ಬಿಟ್ಟ ದಿನ ಮೊದಲು ಬಂದು ಕೂತದ್ದು ನಮ್ಮ ಅಡಿಗೆಮನೆ ಹೊಸ್ತಿಲಲ್ಲಿ. ಎಲ್ಲರೂ ನಿನ್ನ ಮುಖ ನೋಡಿದರು. ನೀನು ಗಡಿಯಾರ ನೋಡಿಕೊಂಡೆಯಂತೆ.

ಅವಳನ್ನು ಹಿಂದಕ್ಕೆ ಕಳಿಸಿದರು. ಮನೆಗೆ ಬಂದವಳು ಸೀರೆ ಮಡಿಸುತ್ತ, "ನನ್ನ ಗುರ್ತು ಸಿಕ್ಲಿಲ್ಲವಂತೆ" ಅಂದಳು. ಅಷ್ಟೇ. ಸಾರಿಗೆ ಹುಣಿಸೆಹಣ್ಣು ನೆನೆಹಾಕಿದಳು. ಮರುವರ್ಷ ಆಷಾಢದಲ್ಲಿ ಜ್ವರ ಬಂದು ಹೋದಳು. ಓಟು ಹಾಕದೆ ಹೋದಳು. ಹಿತ್ತಲ ಹೊಲದಲ್ಲಿ ಮಣ್ಣು ಮಾಡಿದ್ದೇವೆ. ನೀನು ಬರಲಿಲ್ಲ, ತಂತಿ ಕಳಿಸಿದೆ.

ಈಗ ಕೇಳು. ಅವಿರೋಧವಾದರೆ ಮತಗಟ್ಟೆ ಇಲ್ಲ, ಪೆಟ್ಟಿಗೆ ಇಲ್ಲ, ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ನಾಲ್ಕು ತಾಲ್ಲೂಕಿನ ಹೆಂಗಸರೆಲ್ಲ ಒಂದೇ ಏಟಿಗೆ ಹಿಂದಕ್ಕೆ ಹೋದ ಹಾಗೆ. ಅದನ್ನು ಆಗಗೊಡುವುದಿಲ್ಲ. ನಾನು ಗೆಲ್ಲಲು ನಿಲ್ಲುತ್ತಿಲ್ಲ, ನನಗಷ್ಟು ತಲೆ ಕೆಟ್ಟಿಲ್ಲ. ಪೆಟ್ಟಿಗೆ ಇಡಿಸಲು ನಿಲ್ಲುತ್ತಿದ್ದೇನೆ.

ಹೈಸ್ಕೂಲು ಊರಿಗೆ ನ್ಯಾಯವಾಗಿ ಬರಬೇಕಾದದ್ದು. ಅದನ್ನು ನನ್ನ ಬಾಯಿಗೆ ತುರುಕಬೇಡ.

ಚನ್ನಬಸವಣ್ಣ


ಕೆ.ಆರ್. ನಗರ
2 ಆಗಸ್ಟ್ 1955

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗಳು ಪ್ರೇಮಮ್ಮ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ. ತಾವು ಲೋಕಸಭೆಗೆ ನಾಮಪತ್ರ ಹಾಕಿರುವ ವಿಷಯ ತಿಳಿಯಿತು. ತಮ್ಮ ಅಳಿಯಂದಿರು ಸರ್ಕಾರಿ ಶಾಲೆಯ ಉಪಾಧ್ಯಾಯರೆಂಬುದು ತಮಗೆ ತಿಳಿದೇ ಇದೆ. ಮೇಲಿನವರು ಕರೆಸಿ ವಿಚಾರಿಸಿರುತ್ತಾರೆ. ಕಾಡಂಚಿನ ಯಾವುದಾದರೂ ಊರಿಗೆ ವರ್ಗವಾಗುವ ಸಂಭವವಿರುತ್ತದೆ. ಈ ವಯಸ್ಸಿನಲ್ಲಿ ತಮಗೆ ರಾಜಕೀಯ ಶೋಭಿಸುವುದಿಲ್ಲ. ದಯಮಾಡಿ ನಾಮಪತ್ರ ಹಿಂತೆಗೆದುಕೊಳ್ಳತಕ್ಕದ್ದು.

ಅಪ್ಪಾಜಿ, ಮೇಲಿನದು ಇವರು ಹೇಳಿ ಬರೆಸಿದ್ದು. ಈಗ ಶಾಲೆಗೆ ಹೋದರು. ಇನ್ನು ಮುಂದಿನದು ನಂದು.

ತೆಗೀಬೇಡಿ. ವರ್ಗ ಆದ್ರೆ ಆಗ್ಲಿ, ಕಾಡಂಚಲ್ಲೂ ಮಕ್ಕಳಿರ್ತಾರೆ, ಅವಕ್ಕೂ ಮಗ್ಗಿ ಬೇಕು. ನಿಮಗೊಂದು ವಿಷಯ ಗೊತ್ತಿಲ್ಲ. ಐವತ್ತೆರಡರಲ್ಲಿ ನಾನು ಬಾಣಂತನಕ್ಕೆ ಬಂದಿದ್ನಲ್ಲ, ಆಗ ಅವ್ವ ಒಂದು ವಾರದಿಂದ ಓಟು ಹಾಕೋ ಅಭ್ಯಾಸ ಮಾಡ್ತಿದ್ರು. ಮತಗಟ್ಟೇಲಿ ನಿಂತೋರಿಗೆಲ್ಲ ಒಂದೊಂದು ಪೆಟ್ಟಿಗೆ ಇಡ್ತಾರಲ್ಲ, ಹಾಗೇ ಬೆಲ್ಲದ ಎರಡು ಡಬ್ಬದ ಮುಚ್ಚಳದಲ್ಲಿ ನನ್ನ ಕೈಲಿ ಸೀಳು ಮಾಡ್ಸಿ, ಮೇಲೆ ಇದ್ದಿಲಲ್ಲಿ ಗುರ್ತು ಬರ್ದು, ಕ್ಯಾಲೆಂಡರ್ ಹಾಳೆ ಮಡ್ಚಿ ಹಾಕಿ ಹಾಕಿ ನೋಡ್ತಿದ್ರು. ನೀವು ಬರೋ ಸದ್ದಾದ್ರೆ ಡಬ್ಬ ಒಲೆ ಹಿಂದಕ್ಕೆ. ಯಾವ ಡಬ್ಬಕ್ಕೆ ಹಾಕ್ತಿದ್ರು ಅಂತ ನಂಗೆ ಗೊತ್ತು. ಈಗ ಹೇಳಲ್ಲ. ಓಟು ಮುಗೀಲಿ, ಆಮೇಲೆ ಹೇಳ್ತೀನಿ. ಈಗ್ಲೇ ಹೇಳಿದ್ರೆ ನಿಮ್ಮ ಮನಸ್ಸು ಆ ಕಡೆ ಈ ಕಡೆ ಆಗುತ್ತೆ.

ನಿಮ್ಮ
ಪ್ರೇಮ


ಕಂಪಲಾಪುರ
21 ಆಗಸ್ಟ್ 1955

ಸನ್ಮಾನ್ಯರೆ,

ನಾಮಪತ್ರ ವಾಪಸಿಗೆ ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಗಡುವು ಇತ್ತಲ್ಲ, ಅದು ಹೇಗೆ ಕಳೆಯಿತೆಂಬ ವರದಿ. ನಿನ್ನವರು ಬೇರೆ ರೀತಿ ಬರೆದಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗ್ಗೆ ಎಂಟಕ್ಕೇ ಶಿವನಂಜಪ್ಪ ಕಾರು ತಂದ. ಒಳಗೆ ಇನ್ನೂ ನಾಲ್ವರು. "ಬನ್ನಿ ಅಣ್ಣಾ, ಮೈಸೂರಿಗೆ ಹೋಗಿ ದ್ವಾಸೆ ತಿಂದು, ಒಂದು ರುಜು ಆಕಿ ಬಂದ್‌ಬುಡಣ." ನಾನು ಆಗ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಹೆಂಚು ಸರಿಮಾಡುತ್ತಿದ್ದೆ, ಹದಿನೆಂಟಡಿ ಮೇಲೆ. ಅವರಲ್ಲೊಬ್ಬ ಏಣಿಗೆ ಕೈ ಹಾಕಿದ್ದು ಕಂಡಿತು. ಏಣಿಯನ್ನು ಮೇಲಕ್ಕೆ ಎಳೆದುಕೊಂಡೆ.

ಕೆಳಗಿನಿಂದ ಏನೆಲ್ಲ ಕೂಗಿದರು. ಹತ್ತು ಗಂಟೆಯವರೆಗೆ ಅಣ್ಣಾ ಅಂದರು. ಹನ್ನೆರಡರವರೆಗೆ ಯಜಮಾನ್ರೇ ಅಂದರು. ಆಮೇಲೆ ಅಂದದ್ದನ್ನು ಪ್ರಧಾನಮಂತ್ರಿಗೆ ಬರೆಯಬಾರದು. ಬಿಸಿಲು ಕಾಯಿತು, ನೀರಿಲ್ಲ, ಮಂಡಿ ಹಿಡಿದುಕೊಂಡಿತು. ಹೆಂಚಿನ ಮೇಲೆ ಕೂತು, ನನಗೆ ಬರುವ ಇಂಗ್ಲಿಷನ್ನೆಲ್ಲ ಅವರ ತಲೆಯ ಮೇಲೆ ಸುರಿದೆ. ಮಿಸ್ಟರ್ ಸ್ಪೀಕರ್ ಸರ್, ಐ ರೈಸ್ ಟು, ಐ ರೈಸ್ ಟು, ಅಂತ ಮೂರು ಸಲ ಅಂದು ನಿಲ್ಲಿಸಿದೆ. ಮುಂದಿನದು ಬರಲಿಲ್ಲ. ಹೇಗೂ ಮೇಲೇ ಇದ್ದೆನಲ್ಲ. ಮೂರು ಹೊಡೆದದ್ದು ಪೋಸ್ಟಾಫೀಸಿನ ಗಡಿಯಾರದಿಂದ ತಿಳಿದು, ಏಣಿ ಇಳಿಬಿಟ್ಟು ಇಳಿದುಬಂದೆ. ಶಿವನಂಜಪ್ಪನಿಗೆ ಮಜ್ಜಿಗೆ ಕೊಟ್ಟೆ. ಕುಡಿದ, ಪಾಪ. "ನಿಮ್ಮಂಥೋರು ಊರ್ಗೊಬ್ರಿದ್ರೆ ಸಾಕು, ಊರು ಕೆಡಕೆ" ಅಂದು ಲೋಟ ಕೆಳಗಿಟ್ಟ.

ನಿನ್ನೆ ಮೈಸೂರಿಗೆ ಹೋಗಿದ್ದೆ. ಯಾವ ಗುರುತು ಬೇಕು ಅಂತ ಅಧಿಕಾರಿ ಪಟ್ಟಿ ತೋರಿಸಿದ. ಏಣಿ ಅಂದೆ. ನನ್ನ ಪೆಟ್ಟಿಗೆಯ ಮೇಲೆ ಏಣಿಯ ಚಿತ್ರ ಅಂಟಿಸುತ್ತಾರೆ. ಹತ್ತಿದವನು ನೀನು, ಏಣಿ ನನ್ನ ಹತ್ತಿರವೇ ಉಳಿದಿದೆ.

ಪೋಲಿಂಗು ಅಕ್ಟೋಬರ್ 23. ನನಗೆ ಕಾರಿಲ್ಲ. ಬಸ್ಸಿನಲ್ಲಿ, ಗಾಡಿಯಲ್ಲಿ, ಕಾಲಿನಲ್ಲಿ ತಿರುಗುತ್ತೇನೆ. ನನ್ನ ಭಾಷಣ ಒಂದೇ ಮಾತು: ಯಾರಿಗೆ ಬೇಕಾದರೂ ಹಾಕಿ, ಹಾಕದೆ ಮನೆಗೆ ಬರಬೇಡಿ.

ಏಣಿ ಚನ್ನಬಸವಣ್ಣ


ತಂತಿ
ನವದೆಹಲಿ, 29 ಆಗಸ್ಟ್ 1955

ಹೆಂಚಿನ ಮೇಲೆ ಹುಷಾರು. ಐ ರೈಸ್ ಟು ಎ ಪಾಯಿಂಟ್ ಆಫ್ ಆರ್ಡರ್. ವೀರ.


ಕಂಪಲಾಪುರ
24 ಅಕ್ಟೋಬರ್ 1955

ಚಿ. ಸೌ. ಪ್ರೇಮಳಿಗೆ ಆಶೀರ್ವಾದಗಳು.

ಓಟು ಮುಗಿಯಿತು. ಪೆಟ್ಟಿಗೆಗಳಿಗೆ ಅರಗು ಹಾಕಿ ತೆಗೆದುಕೊಂಡು ಹೋದರು. ನಿನ್ನೆ ನಡೆದದ್ದನ್ನು ನಿನಗೆ ಹೇಳದೆ ಇರಲಾರೆ.

ಎರಡು ತಿಂಗಳು ಊರೂರು ತಿರುಗಿದಾಗ ಹೆಂಗಸರು ಬಾಗಿಲ ಸಂದಿಯಿಂದ ಒಂದೇ ಮಾತು ಹೇಳುತ್ತಿದ್ದರು, "ಗಂಡನ ಎಸ್ರು ಕೇಳ್ತಾರಂತಲ್ಲ, ನಾವ್ ಬರಾಕಿಲ್ಲ." ಪಟ್ಟಿಯಲ್ಲಿ ಇನ್ನೂ ಇಂಥವನ ಹೆಂಡತಿ ಅಂತಲೇ ಇದೆ. ಉತ್ತರ ಹೇಳಿದ್ದು ನಿನ್ನ ಹೆರಿಗೆ ಮಾಡಿಸಿದ ಸೂಲಗಿತ್ತಿ ಪುಟ್ಟಮಲ್ಲಮ್ಮ. "ಅಲ್ಲ ಕಣ್ರಮ್ಮಿ, ಮದ್ವೇಲಿ ಬಾಗ್ಲು ತಡುದ್ರೆ ಏಳಾಕಿಲ್ವಾ? ಪದ ಕಟ್ಟಿ ಏಳುದ್ರೆ ದೋಸ ಇಲ್ಲ. ಇದೂ ಒಂದು ಬಾಗ್ಲೇಯ, ತಡೀತಾ ಅವ್ರೆ, ಏಳಿ ಒಳೀಕೋಗಿ" ಅಂದಳು. ಹೊಸ ಹೆಣ್ಣುಗಂಡನ್ನು ಹೊಸ್ತಿಲಲ್ಲಿ ತಡೆದು, ಹೆಸರು ಹೇಳಿಸಿಯೇ ಒಳಕ್ಕೆ ಬಿಡುವವಳು ಊರಿನಲ್ಲಿ ಅವಳೇ ತಾನೆ. ಮಾತು ಕಂಪಲಾಪುರದಿಂದ ಹಾರನಹಳ್ಳಿಗೆ, ಅಲ್ಲಿಂದ ಮುಂದಕ್ಕೆ ಹೋಯಿತು.

ನಿನ್ನೆ ಹೆಂಗಸರ ಮತಗಟ್ಟೆಯಲ್ಲಿ ಕೂತಿದ್ದವನು ಬಯಲುಸೀಮೆಯ ಕಡೆಯ ಹುಡುಗ ಗುಮಾಸ್ತ. "ಗಂಡನ ಹೆಸರೇನಮ್ಮ?" ಅಂದ. ಮೊದಲು ನಿಂತವಳು ಸೆರಗು ಸರಿಮಾಡಿಕೊಂಡು,

"ಉಣಸೂರು ಸಂತೇಲಿ ತಂದ್ರು ಊವಿನ ದಂಡೆ,
ಸಿದ್ದಯ್ಯನೋರ ಕೈಹಿಡ್ದು ಸಂಸಾರ್ದ ಸುಕ ಕಂಡೆ"

ಅಂದಳು. ಗುಮಾಸ್ತ ಪೆನ್ನು ಎತ್ತಿ ಹಿಡಿದೇ ಕೂತ. "ಹೆಸರು ಮಾತ್ರ ಹೇಳಮ್ಮ" ಅಂದ. "ಏಳಿವ್ನಲ್ಲ, ಬರ್ಕೊ" ಅಂದಳು. ಎರಡನೆಯವಳು:

"ಬೆಳ್ಳಿ ಬಟ್ಲಿಲ್ಲ, ಬೆಲ್ದ ಚೂರಿಲ್ಲ,
ಬೆಟ್ಟಸ್ವಾಮಿಗೆ ಮೂಗ್ತುದೀಲಿ ಕ್ವಾಪ ಬುಟ್ರೆ ಇನ್ನೇನಿಲ್ಲ."

ಸಾಲಿಗೆ ಸಾಲೇ ನಕ್ಕಿತು. ಬೆಟ್ಟಸ್ವಾಮಿ ರಸ್ತೆಯಾಚೆ ಗಂಡಸರ ಸಾಲಿನಲ್ಲಿದ್ದ, ಅವನಿಗೂ ಕೇಳಿಸಿತು. ತಿಮ್ಮಯ್ಯನ ಹೆಂಡತಿಯಂತೂ,

"ಕೆರೆ ನೀರು ತೂಬು ತುಂಬ, ಒಗೆಸೊಪ್ಪು ಮನೆ ತುಂಬ,
ತಿಮ್ಮಯ್ಯನೋರ ಗೊರಕೆ ಮಾತ್ರ ಊರು ತುಂಬ"

ಅಂತ ಹಾಡಿಯೇ ಬಿಟ್ಟಳು. ಹನ್ನೊಂದು ಗಂಟೆಗೆ ಗುಮಾಸ್ತನಿಗೆ ಸಿಟ್ಟು, ಒಂದು ಗಂಟೆಗೆ ನಗು, ಎರಡಕ್ಕೆ ಅವನೇ, "ಹೂಂ, ಮುಂದಿನವರು ಹೇಳಿ" ಅಂತ ಕಿವಿಗೊಟ್ಟು ಕೂತ. ನೂರು ವರ್ಷ ಬದುಕಲಿ. ಒಬ್ಬರನ್ನೂ ಹಿಂದಕ್ಕೆ ಕಳಿಸಲಿಲ್ಲ.

ಮೂರು ಗಂಟೆಗೆ ವೀರಭದ್ರಸ್ವಾಮಿ ಬಂದ. ಐದು ಕಾರು, ಪೊಲೀಸು. ತಲೆಯೆಲ್ಲ ಬೆಳ್ಳಗಾಗಿದೆ. ಅಭ್ಯರ್ಥಿಯಾದ್ದರಿಂದ ಮತಗಟ್ಟೆ ನೋಡಲು ಒಳಗೆ ಹೊರಟ. ಪುಟ್ಟಮಲ್ಲಮ್ಮ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಪೊಲೀಸಿನವನು ಕೈ ಹಾಕಲು ಬಂದ. ವೀರ ಬೇಡವೆಂದ.

"ಏನಪ್ಪಾ ಸ್ವಾಮಿ, ಎಲ್ಲಾರೂ ಎಸ್ರು ಏಳೇ ಒಳೀಕೋಗವ್ರೆ. ನೀನೂ ಏಳು. ಮನೆಯಮ್ಮಂದು."

ಅವನು ನಕ್ಕ. ಯಾರೂ ನಗಲಿಲ್ಲ. ನೂರಾರು ಹೆಂಗಸರು ಅವನ ಬಾಯನ್ನೇ ನೋಡಿದರು. ಅವನ ಕಿವಿ ಕೆಂಪಾಯಿತು. ಕೈ ಗಡಿಯಾರದ ಕಡೆ ಹೋಯಿತು, ನಾನು ನೋಡಿದೆ. ಆದರೆ ನೋಡಿಕೊಳ್ಳಲಿಲ್ಲ, ಕೈ ಇಳಿಸಿದ. "ಸುಂದ್ರಮ್ಮ" ಅಂದ. ಪದ ಕಟ್ಟಲು ಬರಲಿಲ್ಲ, ಬರೀ ಹೆಸರು. ಪುಟ್ಟಮಲ್ಲಮ್ಮ ದಾರಿ ಬಿಟ್ಟಳು.

ನಾನೂ ಅಭ್ಯರ್ಥಿಯಲ್ಲವೆ, ಅವನ ಹಿಂದೆಯೇ ಹೆಜ್ಜೆಯಿಟ್ಟೆ. ಮತ್ತೆ ಕೈ ಅಡ್ಡ ಬಂತು. "ನಿಮ್ಮದು?" ಅಂದಳು.

ಪ್ರೇಮ, ನಿಮ್ಮವ್ವನ ಹೆಸರನ್ನು ಮದುವೆಯ ದಿನ ಹೊಸ್ತಿಲಲ್ಲಿ ಹೇಳಿದ್ದೆ. ಆಮೇಲೆ ಮೂವತ್ತೊಂದು ವರ್ಷ ಇವಳೇ, ಲೇ, ಕೇಳಿಸಿತಾ, ಇಷ್ಟರಲ್ಲೇ ಸಂಸಾರ ನಡೆಯಿತು. ನಾಲಗೆ ಏಳಲಿಲ್ಲ. "ಊರ್ಗೆಲ್ಲಾ ಎಸ್ರು ಏಳುಸ್ದೋರು, ನಿಮ್ಮ ಬಾಯ್ಗೇನ್ ಬೀಗ್ವಾ?" ಅಂದಳು ಪುಟ್ಟಮಲ್ಲಮ್ಮ. ನನಗೆ ಗಡಿಯಾರವಿಲ್ಲ. ಇದ್ದಿದ್ದರೆ ಬಹುಶಃ ನೋಡಿಕೊಳ್ಳುತ್ತಿದ್ದೆ. ತಿರುಗಿ ಮನೆಗೆ ಬಂದೆ.

ಈಗ ಹೇಳು, ಯಾವ ಡಬ್ಬ?

ನಿನ್ನ
ಅಪ್ಪ


ನವದೆಹಲಿ
26 ಫೆಬ್ರವರಿ 1956

ಪ್ರಿಯ ಚನ್ನ,

ಗೆದ್ದವನು ಸೋತವನಿಗೆ ನಾಲ್ಕು ತಿಂಗಳು ತಡವಾಗಿ ಬರೆಯುತ್ತಿದ್ದೇನೆ. ಲಕ್ಷದ ಮೇಲೆ ಮತಗಳಿಂದ ಗೆದ್ದೆ, ನಿನ್ನ ಠೇವಣಿ ಹೋಯಿತು. ಆದರೆ ಕಂಪಲಾಪುರದ ಹೆಂಗಸರ ಮತಗಟ್ಟೆಯಲ್ಲಿ ಏಣಿಗೆ ಇನ್ನೂರ ಹದಿನಾಲ್ಕು, ನನಗೆ ಅರವತ್ತೊಂದು. ಆ ಕಾಗದವನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಗೆದ್ದುಬಂದದ್ದರಿಂದ ಸ್ವಲ್ಪ ದಿನ ಉಸಿರಾಡಿದೆ. ಈಗ ಎಡದವರು ಬಲದವರು ಒಂದಾಗಿದ್ದಾರೆ. ಮಾರ್ಚ್ ಒಂಬತ್ತಕ್ಕೆ ಅವಿಶ್ವಾಸ ಗೊತ್ತುವಳಿ. ಬೀಳುತ್ತೇನೆ. ಎಷ್ಟರಲ್ಲಿ ಎಂಬುದಷ್ಟೇ ಗೊತ್ತಾಗಬೇಕು. ಒಂದು ಸುತ್ತೋಲೆ ಮಾತ್ರ ಕಳೆದ ವಾರ ಹೊರಟುಹೋಗಿದೆ: ಮತಗಟ್ಟೆಯಲ್ಲಿ ಯಾವ ಹೆಂಗಸಿಗೂ ಗಂಡನ ಹೆಸರು ಹೇಳೆಂದು ಒತ್ತಾಯಿಸಕೂಡದು, ಪಟ್ಟಿಯಲ್ಲಿ ಅವಳ ಹೆಸರನ್ನೇ ಬರೆಯಬೇಕು. ಎಂಟು ತಿಂಗಳ ನನ್ನ ಸರ್ಕಾರದಲ್ಲಿ ಉಳಿಯುವುದು ಇದೊಂದೇ ಇರಬಹುದು.

ನೀನು ಎದುರು ನಿಂತ ಕಾರಣ ನನಗೆ ಗೊತ್ತಿತ್ತು, ಚನ್ನ. ಗೊತ್ತಿಲ್ಲ ಎಂದು ಬರೆದದ್ದು ಸುಳ್ಳು. ಐವತ್ತೆರಡರ ಆ ಮಧ್ಯಾಹ್ನ ನಾನು ನೋಡಿಕೊಂಡ ಗಡಿಯಾರದಲ್ಲಿ ಮೂರೂ ಹತ್ತಾಗಿತ್ತು. ಪಿರಿಯಾಪಟ್ಟಣದ ಸಂತೆಯಲ್ಲಿ ನೀನು, "ವೀರ ಕುರ್ಚಿಯ ಹಿಂದೆ ಬಿದ್ದಿದ್ದಾನೆ, ನನ್ನ ಓಟು ಅವನಿಗಿಲ್ಲ" ಎಂದದ್ದು ಕಿವಿಗೆ ಬಿದ್ದಿತ್ತು. ನಿನ್ನ ಮನೆಯ ಓಟೆಲ್ಲ ಎದುರಾಳಿಗೆ ಎಂದು ಲೆಕ್ಕ ಹಾಕಿದೆ. ಒಂದು ಕಡಿಮೆಯಾಗಲಿ ಎಂದುಕೊಂಡೆ. ಆರು ಸಾವಿರದಿಂದ ಗೆದ್ದೆ.

ಒಂಬತ್ತನೆಯ ತಾರೀಕು ಸಭೆಯಲ್ಲಿ ಉತ್ತರ ಕೊಡುವಾಗ ಇದನ್ನು ಹೇಳಬೇಕೆಂದಿದ್ದೇನೆ. ಆಕೆಯ ಹೆಸರು ಬೇಕು. ಪಟ್ಟಿ ತರಿಸಿದೆ, ಚನ್ನಬಸವಣ್ಣನ ಹೆಂಡತಿ ಎಂದಿದೆ. ಹನ್ನೊಂದು ವರ್ಷ ಉಂಡೆ, ಅಮ್ಮಾ ಎಂದೆ, ಹೆಸರು ಕೇಳಲಿಲ್ಲ. ಬರೆದು ಕಳಿಸು.

ವೀರ


ಕಂಪಲಾಪುರ
18 ಮಾರ್ಚ್ 1956

ಪ್ರಿಯ ವೀರ,

ನಿನ್ನ ಕಾಗದ ಮೂರನೆಯ ತಾರೀಕಿಗೇ ಬಂದಿತ್ತು. ತಂತಿ ಕೊಟ್ಟಿದ್ದರೆ ಮರುದಿನ ನಿನಗೆ ಸಿಗುತ್ತಿತ್ತು. ಬೇಕೆಂದೇ ಕೊಡಲಿಲ್ಲ. ಬೀಳುವ ಪ್ರಧಾನಮಂತ್ರಿಯ ಕೊನೆಯ ಭಾಷಣಕ್ಕೆ ಮುಡಿಸಲು ಅವಳೇನು ಹೂವೆ? ಚಪ್ಪಾಳೆ ಬೀಳುತ್ತಿತ್ತು, ಪೇಪರಿನಲ್ಲಿ ನಿನ್ನ ಪಟ ಬರುತ್ತಿತ್ತು, ಮತ್ತೆ ಅವಳು ನಿನ್ನ ಲೆಕ್ಕಕ್ಕೇ ಜಮೆಯಾಗುತ್ತಿದ್ದಳು. ಒಂದು ಸಲ ನೀನು ಹೆಸರು ಹೇಳಲಿಲ್ಲ, ಒಂದು ಸಲ ನಾನು ಹೇಳಲಿಲ್ಲ.

ಪೇಪರು ಓದಿದೆ. ಮೂರೇ ಓಟಿನಲ್ಲಿ ಬಿದ್ದೆ. ಹನ್ನೊಂದರಲ್ಲಿ ನಿಂತಿದ್ದವನು ಮೂರರಲ್ಲಿ ಬೀಳುವುದೆಂದರೆ ಮರ್ಯಾದೆಯ ಬೀಳುವಿಕೆಯೇ. ಶಿವನಂಜಪ್ಪ ಮೂರು ದಿನ ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ ತೆರೆದು, ನೀನು ಯಾರೆಂದೇ ತನಗೆ ಅಷ್ಟಾಗಿ ಪರಿಚಯವಿಲ್ಲ ಅಂತ ಗಿರಾಕಿಗಳಿಗೆ ಹೇಳುತ್ತಿದ್ದಾನೆ. ನನ್ನ ಎಮ್ಮೆ ಕರು ಹಾಕಿದೆ. ಅಳಿಯ ಲಿಂಗಣ್ಣನಿಗೆ ವರ್ಗವಾಯಿತು, ಕೋಟೆ ತಾಲ್ಲೂಕಿನ ಕಾಡಂಚಿಗೇ. ಪ್ರೇಮ ಅಲ್ಲಿನ ಹೆಂಗಸರ ಹೆಸರು ಬರೆಯುತ್ತ ತಿರುಗುತ್ತಿದ್ದಾಳೆ, ನಿನ್ನ ಸುತ್ತೋಲೆಯ ಪ್ರತಿ ಹಿಡಿದುಕೊಂಡು. ಅದು ಒಳ್ಳೆಯ ಕಾಗದ ಕಣೋ. ಓದಿದೆ. ಇಂಗ್ಲಿಷಿನದು ಅರ್ಧ ತಿಳಿಯಿತು, ಕನ್ನಡದ್ದು ಪೂರ್ತಿ ತಿಳಿಯಿತು.

ಈಗ ಇನ್ನೊಂದು ವಿಷಯ. ಇದನ್ನು ಶಿಕ್ಷೆಯೆಂದೇ ತಿಳಿದುಕೋ, ನನಗೂ ಹಾಗೇ ಆಗಿದೆ. ನಮ್ಮವಳು ಬೆಲ್ಲದ ಎರಡು ಡಬ್ಬಕ್ಕೆ ಸೀಳು ಮಾಡಿಸಿ, ಒಲೆಯ ಹಿಂದೆ ಬಚ್ಚಿಟ್ಟು, ಒಂದು ವಾರ ಓಟು ಹಾಕುವ ಅಭ್ಯಾಸ ಮಾಡಿದ್ದಳಂತೆ. ಸಂಕ್ರಾಂತಿಗೆ ಬಂದ ಪ್ರೇಮ ಆ ಡಬ್ಬಗಳನ್ನು ಅಟ್ಟದಿಂದ ಇಳಿಸಿದಳು. ಒಂದು ಖಾಲಿ. ಇನ್ನೊಂದರಲ್ಲಿ ಮಡಿಸಿದ ಕ್ಯಾಲೆಂಡರ್ ಚೂರು ಹತ್ತೊಂಬತ್ತು. ಮುಚ್ಚಳದ ಮೇಲೆ ಇದ್ದಿಲಿನಲ್ಲಿ ನಿನ್ನ ಗುರುತು. "ಅಪ್ಪಾಜಿಗೆ ಹೇಳ್ಬೇಡ, ನೊಂದ್ಕೋತಾರೆ. ಆದ್ರೂ ನಮ್ಮನೇಲಿ ಉಂಡ ಮನುಸ, ನಾನು ಅವ್ರಿಗೇ ಹಾಕೋದು" ಅಂದಿದ್ದಳಂತೆ. ನನಗೆ ಎದುರಾಗಿ, ನಿನಗೆ. ನನ್ನ ಮನೆಯಲ್ಲೇ ಒಂದು ಡಿಸೆಂಟ್ ಇತ್ತು, ಮೂವತ್ತೊಂದು ವರ್ಷ, ನಾನು ಹೊಸ್ತಿಲಾಚೆ ಅದನ್ನು ಹುಡುಕುತ್ತಿದ್ದೆ. ನೀನು ಕಡಿಮೆ ಮಾಡಿಕೊಂಡ ಒಂದು ಓಟು ನಿನ್ನದೇ.

ಡಬ್ಬ ಕಳಿಸುವುದಿಲ್ಲ. ನೋಡಬೇಕೆಂದಿದ್ದರೆ ಬಾ. ಪೊಲೀಸಿನವರಿಲ್ಲದೆ, ಬಸ್ಸಿನಲ್ಲಿ ಬಾ. ಹಿತ್ತಲ ಹೊಲಕ್ಕೂ ಕರೆದುಕೊಂಡು ಹೋಗುತ್ತೇನೆ. ಮೂರು ವರ್ಷ ತಡವಾಗಿ ಬಂದವನನ್ನು ಅವಳಾದರೆ ಒಳಗೆ ಕರೆಯುತ್ತಿದ್ದಳು, ನಾನು ಸ್ವಲ್ಪ ಹೊತ್ತು ಬಾಗಿಲು ತಡೆಯುತ್ತೇನೆ.

ಮತ್ತೆ ಕೇಳು, ಬರುವ ವರ್ಷ ಮಹಾಚುನಾವಣೆ. ನೀನು ನಿಂತೇ ನಿಲ್ಲುತ್ತೀಯ, ನಿನ್ನ ಚಟ ನನಗೆ ಗೊತ್ತು. ನಾನೂ ನಿಲ್ಲುತ್ತೇನೆ. ಸೋಲುತ್ತೇನೆ, ಅದರ ಬಗ್ಗೆ ಅನುಮಾನ ಬೇಡ. ಆದರೆ ಒಬ್ಬನನ್ನೂ ಈ ನಾಲ್ಕು ತಾಲ್ಲೂಕಿನಿಂದ ಸುಮ್ಮನೆ ಕಳಿಸುವುದಿಲ್ಲ, ನೀನಾಗಲಿ, ನಿನ್ನನ್ನು ಕೆಡವಿದವರಾಗಲಿ. ಏಣಿಗೆ ಎರಡು ಹೊಸ ಮೆಟ್ಟಿಲು ಹಾಕಿಸಿದ್ದೇನೆ.

ಇನ್ನೂ ಬರೆಯುವುದಿತ್ತು, ಪುಟ್ಟಮಲ್ಲಮ್ಮ ನಿನ್ನೆ ಏನಂದಳು ಅಂತ. ಮೂರು ಸಲ ಬಂದು ಬಾಗಿಲಲ್ಲಿ ಅಡ್ಡ ನಿಂತು ಇವಳ ಹೆಸರು ಕೇಳಿದಳು ಕಣೋ, ನಿನ್ನೆ ಕೊನೆಗೂ ಹೇಳಿ ಒಳಗೆ ಹೋದೆ, ನನ್ನ ಮನೆಗೇ. ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ, ಬೆಳಕು ಹೋಗುತ್ತಿದೆ, ಸಾಲು ಸರಿಯಾಗಿ ಕಾಣುತ್ತಿಲ್ಲ. ರುಜು ಹಾಕುವಷ್ಟು ಇದೆ.

ಇತಿ,
ಗುರುಶಾಂತಮ್ಮನ ಗಂಡ
ಚನ್ನಬಸವಣ್ಣ